ಕೋಚ್ ಟಿಡ್ವೆಲ್ ಬಾಯಿ ಬಿಟ್ಟ ಗುರುವಾರ

ಅಮೆರಿಕನ್ ಫುಟ್‌ಬಾಲ್ ಪಂದ್ಯ ಸೋತ ಸಂಜೆ ಊರಿನ ಕಾಲೇಜು ತಂಡದ ಕೋಚ್ ವೆಂಡೆಲ್ ಟಿಡ್ವೆಲ್ ಪತ್ರಕರ್ತರ ಮುಂದೆ, "ಆ ರೆಫರಿಗೆ ಕಣ್ಣಿತ್ತಾ?" ಎಂದುಬಿಟ್ಟಿದ್ದ. ಲೀಗಿನ ಕಚೇರಿ ಎಚ್ಚರಿಸಿತು: ಇನ್ನೊಮ್ಮೆ ರೆಫರಿಯ ವಿಷಯ ಎತ್ತಿದರೆ ಮುಂದಿನ ಪಂದ್ಯಕ್ಕೆ ಮೈದಾನದೊಳಗೆ ಕಾಲಿಡುವಂತಿಲ್ಲ.

ಮುಂದಿನ ಪಂದ್ಯವೋ ಕೊನೆಯ ವರ್ಷದ ಹುಡುಗರ ಬೀಳ್ಕೊಡುಗೆಯದು. ಒಬ್ಬೊಬ್ಬನೂ ಮನೆಯವರ ಕೈ ಹಿಡಿದು ಮೈದಾನದ ನಡುವಿಗೆ ಬರುತ್ತಾನೆ. ಕೋಚ್ ಅಪ್ಪಿಕೊಂಡು ಕಳಿಸುತ್ತಾನೆ. ಹತ್ತೊಂಬತ್ತು ವರ್ಷದಲ್ಲಿ ಟಿಡ್ವೆಲ್ ಒಬ್ಬನನ್ನೂ ಅಪ್ಪದೆ ಕಳಿಸಿರಲಿಲ್ಲ.

ಸೋಲನ್ನು ಊರು ಆ ಹುಡುಗರಲ್ಲೊಬ್ಬನಾದ ಜಾರ್ವಿಸ್‌ನ ತಲೆಗೆ ಕಟ್ಟಿತ್ತು. ಕೊನೆಯ ನಿಮಿಷದಲ್ಲಿ, ಚೆಂಡು ಬರುವ ಮೊದಲೇ ಎದುರಾಳಿಯನ್ನು ತಳ್ಳಿದನೆಂದು ರೆಫರಿ ತಪ್ಪಾಟದ ಗುರುತಿನ ಹಳದಿ ಬಟ್ಟೆ ಎಸೆದಿದ್ದ. ಈಗ ಪೆಟ್ರೋಲ್ ಬಂಕಿನಲ್ಲೂ ಕುಹಕ: "ಕೈ ಜೇಬಲ್ಲಿಟ್ಕೊಳ್ಳೋ, ಜಾರ್ವಿಸ್!"

ಪ್ರತಿ ಭಾನುವಾರದಂತೆ ಟಿಡ್ವೆಲ್ ಆ ಆಟದ ವಿಡಿಯೊವನ್ನು ತೀರ್ಪುಗಳ ಪರಿಶೀಲನೆಗೆಂದು ಲೀಗಿನ ಕಚೇರಿಗೆ ಕಳಿಸಿದ್ದ. ಮಂಗಳವಾರ ಅಲ್ಲಿಂದ ಫೋನ್ ಬಂತು.

"ನಿಮ್ಮ ಹುಡುಗಂದು ತಪ್ಪಿಲ್ಲ ಕೋಚ್. ನಮ್ಮ ರೆಫರಿದೇ ತಪ್ಪು. ಆದ್ರೆ ಇದು ನಮ್ಮಲ್ಲೇ ಇರ್ಲಿ."

"ಊರು ಅವನನ್ನ ಹರಿದು ತಿಂತಿದೆ!"

"ರೆಫರಿನೂ ಮನುಷ್ಯನೇ ಅಲ್ವಾ? ವಾರವೆಲ್ಲ ಸ್ಕೂಲಲ್ಲಿ ಲೆಕ್ಕ ಹೇಳ್ಕೊಡ್ತಾನೆ. ನಿಮ್ಮ ಒಂದು ಮಾತಿಗೆ ಜನ ಮನೆಗೆ ಫೋನ್ ಮಾಡಿ ಬೈತಿದ್ದಾರೆ, ಅವನ ಹೆಂಡ್ತಿ ಫೋನ್ ಎತ್ತೋಕೆ ಹೆದರ್ತಾಳೆ."

ಟಿಡ್ವೆಲ್‌ಗೆ ಚುರುಕ್ಕೆಂದಿತು. ಬಾಯಿ ಮುಚ್ಚಿಕೊಂಡ.

ಬುಧವಾರ ಜಾರ್ವಿಸ್ ಕೋಚ್ ಕೋಣೆಯ ಬಾಗಿಲಲ್ಲಿ ನಿಂತ. "ಶನಿವಾರ ನಾನು ಬರಲ್ಲ ಕೋಚ್. ನನ್ನ ಎಷ್ಟಾದ್ರೂ ಬೈಲಿ. ನನ್ನ ಕೈ ಹಿಡಿದು ಬರೋ ಅಜ್ಜಿ ಕಿವಿಗೆ ಅದು ಬೀಳ್ಬಾರ್ದು."

ಗುರುವಾರ ಮೀನು ಹೋಟೆಲಿನಲ್ಲಿ ಕೋಚ್‌ನ ವಾರದ ರೇಡಿಯೊ ಕಾರ್ಯಕ್ರಮ; ಊಟ ಮಾಡುತ್ತಲೇ ಕೇಳುಗರ ಫೋನಿಗೆ ಉತ್ತರಿಸುತ್ತಾನೆ. ಮೊದಲು ಕರೆ ಮಾಡಿದವನೇ, "ಆ ಜಾರ್ವಿಸ್‌ನ ಬೆಂಚಲ್ಲಿ ಕೂರಿಸ್ತೀರೋ, ಇಲ್ವೋ?" ಎಂದ.

ಟಿಡ್ವೆಲ್ ತಟ್ಟೆ ಸರಿಸಿದ. "ಕೇಳಪ್ಪಾ. ಜಾರ್ವಿಸ್ ತಪ್ಪು ಮಾಡಿಲ್ಲ. ಕಚೇರಿಯವರೇ ಫೋನಲ್ಲಿ ಒಪ್ಕೊಂಡಿದ್ದಾರೆ. ರೆಫರಿ ಒಂದು ಸಲ ಎಡವಿದ, ನಾನು ವಾರಕ್ಕೆ ಹತ್ತು ಸಲ ಎಡವ್ತೀನಿ. ಅವನ ಮನೆಗೆ ಫೋನ್ ಮಾಡಿ ಬಯ್ಯೋರು ನನ್ನ ಮನೆಗೆ ಮಾಡಿ."

ಶುಕ್ರವಾರ ಶಿಕ್ಷೆಯ ಆದೇಶ ಬಂತು.

ಶನಿವಾರ ಟಿಡ್ವೆಲ್ ಮೈದಾನದ ಬೇಲಿಯಾಚೆ ತನ್ನ ಟ್ರಕ್ಕಿಗೆ ಒರಗಿ ನಿಂತಿದ್ದ. ಜಾರ್ವಿಸ್‌ನ ಅಜ್ಜಿ, ಊರೆಲ್ಲ ಗೌರವದಿಂದ ಮಿಸ್ ಓಪಲ್ ಎನ್ನುವವರು, ಚರ್ಚಿಗೆ ಹೋಗುವ ನೇರಳೆ ಟೋಪಿ ತೊಟ್ಟು ನೇರ ಅವನತ್ತ ಬಂದರು.

"ನಿಜ ಹೇಳಿದ್ದಕ್ಕೆ ಹೊರಗೆ ಹಾಕಿದ್ರಾ?"

"ಹೇಳ್ಬಾರ್ದು ಅಂದಿದ್ದನ್ನ ಹೇಳಿದ್ದಕ್ಕೆ, ಮಿಸ್ ಓಪಲ್. ಆ ನಿಯಮ ಇರ್ಲೇಬೇಕು. ಎಲ್ಲ ಕೋಚ್‌ಗಳೂ ನನ್ನ ಹಾಗೆ ಬಾಯಿ ಬಿಟ್ರೆ ಸೀಟಿ ಊದೋಕೆ ಯಾರು ಬರ್ತಾರೆ?"

"ಮತ್ತೆ ಯಾಕಪ್ಪ ಹೇಳ್ದೆ?"

"ಹುಡುಗ ನಮ್ಮೋನಲ್ವಾ?"

ಅಜ್ಜಿ ಎರಡೂ ಕೈ ಚಾಚಿದರು. "ಬಗ್ಗು, ತೆಂಗಿನಮರದ ಹಾಗೆ ನಿಂತಿದ್ದೀಯಲ್ಲ. ಅವನ ಪಾಲಿನ ಅಪ್ಪುಗೆ ನನ್ನ ಕೈಲಿ ಕೊಡು. ನಾನು ಮುಟ್ಟಿಸ್ತೀನಿ."

ಟಿಡ್ವೆಲ್ ಬಗ್ಗಿ ಮೆಲ್ಲಗೆ ಅಪ್ಪಿಕೊಂಡ.

"ಇದೇನು ಹಕ್ಕಿಮರೀನ ಹಿಡ್ಕೊಂಡ ಹಾಗೆ? ನನ್ನ ಮೊಮ್ಮಗ ಅವನು, ಎಮ್ಮೆ ಇದ್ದ ಹಾಗಿದಾನೆ. ಗಟ್ಟಿಯಾಗಿ!"

ಗಟ್ಟಿಯಾಗಿ ಅಪ್ಪಿದ. ಟೋಪಿ ಓರೆಯಾಯಿತು, ಅವರು ಸರಿಮಾಡಿಕೊಳ್ಳಲಿಲ್ಲ. ತುಂಬಿದ ಕೊಡ ಹೊತ್ತವರಂತೆ, ಕುಲುಕದೆ ಗೇಟು ದಾಟಿ ಹೋದರು.

ಧ್ವನಿವರ್ಧಕ ಜಾರ್ವಿಸ್‌ನ ಹೆಸರು ಕೂಗಿತು. ಅಜ್ಜಿಯ ಕೈ ಹಿಡಿದು ಅವನು ನಡುವಿಗೆ ಬಂದ. ಮೈದಾನ ಗಪ್‌ಚಿಪ್. ಟಿಡ್ವೆಲ್ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡ. ಎಲ್ಲೋ ಒಬ್ಬ ಚಪ್ಪಾಳೆ ತಟ್ಟಿದ, ಇನ್ನೊಬ್ಬ ತಟ್ಟಿದ. ಆಮೇಲೆ ಇಡೀ ಊರು ಎದ್ದು ನಿಂತ ಸದ್ದು ಬೇಲಿಯಾಚೆಗೂ ಕೇಳಿಸಿತು.