ಒಂದೇ ಮಾತು, ಆಮೇಲೆ ಸೀಟಿ

ನನ್ನ ತಂಗಿಯನ್ನು ನಾವೆಲ್ಲ ಮೇಡಂ ಅಂತಲೇ ಕರೆಯುತ್ತಿದ್ದೆವು. ಹುಟ್ಟಿದಾಗಿನಿಂದ ಅವಳ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ, ನಾಲಿಗೆಯೂ ಅಷ್ಟೇ. ಆದರೆ ಅಮ್ಮನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಬರುವ ಗಿರಾಕಿಗಳನ್ನು ಮೇಲಿಂದ ಕೆಳಗೆ ಅಳೆದು ನೋಡುತ್ತಿದ್ದಳಲ್ಲ, ಅದಕ್ಕೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ. ಆಗ ಅವಳಿಗೆ ಹನ್ನೊಂದು, ನನಗೆ ಹದಿನಾರು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

ಅಂಗಡಿಯ ಹಿಂದಿನ ಕೋಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಇಸ್ತ್ರಿಪೆಟ್ಟಿಗೆಯ ಬಿಸಿ, ಮೆಷಿನ್ ಎಣ್ಣೆ, ಹೊಸ ಬಟ್ಟೆಯ ಗಂಜಿ. ಶನಿವಾರ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿ ಮೂರು ಮನೆಯವರು ಸೇರುತ್ತಿದ್ದೆವು: ನಾವು, ಎದುರು ಮನೆಯ ಬಸ್ ಕಂಡಕ್ಟರು ಮತ್ತು ಅವರ ಮಗ, ಕಣ್ಣು ಕಾಣದ ಮೊಮ್ಮಗಳನ್ನು ಸಾಕುತ್ತಿದ್ದ ಒಬ್ಬ ಅಜ್ಜಿ. ಕಂಡಕ್ಟರ ಮಗನಿಗೆ ಇಪ್ಪತ್ತು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತಿಲ್ಲ. ಮೊದಮೊದಲು ದೊಡ್ಡವರು ಅತ್ತು ಹಗುರಾಗುವುದಕ್ಕೆ ಸೇರುತ್ತಿದ್ದರು. ಅಳುವುದಾದರೂ ಎಷ್ಟು ವಾರ ನಡೆದೀತು? ಆಮೇಲೆ ನಗಲು ಶುರುಮಾಡಿದರು.

ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುವ ಪದ್ಧತಿ ತಂದದ್ದು ಕಂಡಕ್ಟರು. ಎರಡು ಗಂಟೆ ನಿಮ್ಮ ಮಗು ಅವರಲ್ಲಿ, ಅವರದು ನಿಮ್ಮಲ್ಲಿ. "ನಾಳೆ ನಾನು ಜ್ವರ ಬಂದು ಮಲಗಿದ್ರೆ ಇವನನ್ನ ಅರಿತವರು ಒಬ್ಬರಾದ್ರೂ ಬೇಕಲ್ವಾ" ಅನ್ನುವುದು ಅವರ ವಾದ. ಮೊದಲ ಸಲ ಅಜ್ಜಿ ಮೊಮ್ಮಗಳ ಬಗ್ಗೆ ಹೇಳುತ್ತ ಹೇಳುತ್ತ ಎರಡು ಗಂಟೆಯನ್ನೂ ಮುಗಿಸಿಬಿಟ್ಟರು. ಮುಂದಿನ ವಾರ ಕಂಡಕ್ಟರು ಕೊರಳಿಗೆ ಸೀಟಿ ಹಾಕಿಕೊಂಡೇ ಬಂದು ಕಾನೂನು ಮಾಡಿದರು. ಮಗುವನ್ನು ಒಪ್ಪಿಸುವಾಗ ಒಂದೇ ಮಾತು ಹೇಳಬೇಕು, ಆಮೇಲೆ ಸೀಟಿ. ಸೀಟಿ ಹೊಡೆದ ಮೇಲೆ ಬಸ್ ನಿಲ್ಲುವುದಿಲ್ಲ.

ಬೇರೆಯವರ ಮಕ್ಕಳನ್ನು ಅಮ್ಮ ಖುಷಿಯಿಂದ ನೋಡಿಕೊಳ್ಳುತ್ತಿದ್ದಳು, ಮೇಡಂಳನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಮೇಡಂಗೆ ತಿನ್ನಿಸುವುದು ಒಂದು ವಿದ್ಯೆ. ಚಮಚ ಎಡಗಡೆಯಿಂದ ಹೋಗಬೇಕು, ಗದ್ದಕ್ಕೆ ಹೆಬ್ಬೆರಳು ಆನಿಸಿರಬೇಕು, ನುಂಗುವ ತನಕ ಎರಡನೇ ಚಮಚ ಎತ್ತಬಾರದು. ಹಿಂದೆ ಒಮ್ಮೆ ನಾನು ಅವಸರದಲ್ಲಿ ತಿನ್ನಿಸಿ, ನೆತ್ತಿಗೇರಿ, ಅವಳು ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಳು. ಅಂದಿನಿಂದ ಅಮ್ಮ ಚಮಚವನ್ನು ನನಗೂ ಬಿಟ್ಟುಕೊಟ್ಟಿರಲಿಲ್ಲ. ನಾನೇನು ಹೊರಗಿನವಳಾ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಅಮ್ಮನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ತಿಂಗಳೊಳಗೆ ಆಪರೇಷನ್ ಆಗಲೇಬೇಕು, ಹತ್ತು ದಿನ ಆಸ್ಪತ್ರೆಯಲ್ಲಿರಬೇಕು ಎಂದರು ಡಾಕ್ಟರು. "ಇವಳಿಗೆ ಊಟ ಯಾರು ಮಾಡಿಸ್ತಾರೆ" ಅಂದು ಅಮ್ಮ ಡಾಕ್ಟರ ಚೀಟಿಯನ್ನು ಮೆಷಿನ್ನಿನ ಡ್ರಾಯರಿಗೆ ತಳ್ಳಿದಳು. ನೋವು ಬಂದಾಗ ಮೆಷಿನ್ನಿನ ಮೇಲೆ ಬಗ್ಗಿ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಮೂರು ವಾರ ನೋಡಿದೆ. ತಡೆಯಲಾರದೆ ಕಂಡಕ್ಟರಿಗೆ ಚಾಡಿ ಹೇಳಿದೆ.

"ಅಕ್ಕಾ, ಇವತ್ತು ಮೇಡಂ ನಮ್ಮ ಬಸ್ ಹತ್ತುತ್ತಾರೆ," ಅಂದರು ಅವರು ಆ ಶನಿವಾರ ಅಮ್ಮನಿಗೆ. "ಹೇಳಿ, ಒಂದೇ ಮಾತು."

ಎಡಗಡೆ, ಗದ್ದ, ನಿಧಾನ, ಮೂರರಲ್ಲಿ ಯಾವುದನ್ನು ಬಿಡುವುದೆಂದು ತಿಳಿಯದೆ ಅಮ್ಮ ಒದ್ದಾಡುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರು ಮೇಡಂಳ ತಲೆಯ ಮೇಲಿಂದ ನನ್ನನ್ನು ಕೇಳಿದರು, "ಇವಳಿಗೆ ಬಾಳೆಹಣ್ಣು ಇಷ್ಟಾನಾ?"

"ಅವಳನ್ನೇ ಕೇಳಿ, ಅವಳಿಗೆಲ್ಲಾ ಅರ್ಥ ಆಗುತ್ತೆ," ಅಂದಳು ಅಮ್ಮ, ಸಿಡುಕಿನಿಂದ.

ಕಂಡಕ್ಟರು ಸೀಟಿ ಊದಿಯೇಬಿಟ್ಟರು. ಅಮ್ಮನ ಒಂದೇ ಮಾತು ಹೀಗೆ ಖರ್ಚಾಯಿತು.

ಅವರು ಮೇಡಂಳ ಕುರ್ಚಿ ತಳ್ಳಿಕೊಂಡು ತಮ್ಮ ಮನೆಗೆ ಹೋದರು. ಕಂಡಕ್ಟರ ಮಗ ನಮ್ಮಲ್ಲುಳಿದು, ಓಡುವ ಮೆಷಿನ್ನಿನ ಮೇಲೆ ಅಂಗೈ ಇಟ್ಟು ಅದರ ನಡುಕವನ್ನು ಸವಿಯುತ್ತ ನಿಂತ. ಅಮ್ಮ ಒಂದು ಅಂಗಿಗೆ ಎರಡು ತೋಳು ಹೊಲಿದಳು. ಎರಡೂ ಎಡಗೈಯವು. ಅಷ್ಟು ವರ್ಷದ ಕಸುಬಿನಲ್ಲಿ ಅಂಥ ತಪ್ಪು ಅದೊಂದೇ. ಅಂಗಿಯನ್ನು ಪಕ್ಕಕ್ಕೆ ಎಸೆದು, "ಕೈ ಹಿಡ್ಕೊಳ್ತೀನಪ್ಪ" ಎಂದು ಹುಡುಗನಿಗೆ ಹೇಳಿ, ಆಮೇಲೆ ಹಿಡಿದುಕೊಂಡಳು. ಹೇಳದೆ ಮುಟ್ಟಬೇಡಿ ಅನ್ನುವುದು ಅವನ ಅಪ್ಪ ಹೇಳಿದ್ದ ಒಂದೇ ಮಾತು. ಮೂವರೂ ರಸ್ತೆ ದಾಟಿ ಎದುರು ಮನೆಯ ಕಿಟಕಿಯಲ್ಲಿ ಕಳ್ಳರ ಹಾಗೆ ಇಣುಕಿದೆವು.

ಒಳಗೆ ಕಂಡಕ್ಟರು ಹಿಸುಕಿದ ಬಾಳೆಹಣ್ಣಿನ ಬಟ್ಟಲು ಹಿಡಿದು ಕೂತಿದ್ದರು. ಚಮಚವನ್ನು ನೇರವಾಗಿ ಬಾಯಿಗೆ ಒಯ್ದರು. ಮೇಡಂ ತುಟಿ ಬಿಗಿದಳು. ಅಮ್ಮನ ಉಗುರು ನನ್ನ ತೋಳಿಗೆ ನಾಟಿತು.

"ತಪ್ಪಾಯ್ತು ಮೇಡಂ. ನೀವೇ ಹೇಳಿ. ಈ ಕಡೆಯಿಂದಲಾ?" ಬಲಗಡೆ ತೋರಿಸಿದರು. ಅವಳು ಸುಮ್ಮನಿದ್ದಳು. "ಈ ಕಡೆಯಿಂದಲಾ?" ಎಡಗಡೆ. ಮೇಡಂ ಕಣ್ಣನ್ನು ಸೂರಿಗೆ ಎತ್ತಿದಳು. ಅದು ಅವಳ ಹೌದು. ಬಟ್ಟೆಯ ಬಣ್ಣಕ್ಕೆ, ರೇಡಿಯೋದ ಹಾಡಿಗೆ ನಾವೂ ಅವಳನ್ನು ಕೇಳುತ್ತಿದ್ದೆವು. ತಿನ್ನಿಸುವ ವಿಷಯ ಯಾರೂ ಕೇಳಿರಲಿಲ್ಲ.

"ಅಮ್ಮ ಹಿಡೀತಾರಲ್ಲ, ಹಾಗೆ ಗದ್ದ ಹಿಡೀಲಾ?"

ಕಣ್ಣು ಮೇಲೆ ಹೋಗಲಿಲ್ಲ. ಅವರು ಹಿಡಿಯಲಿಲ್ಲ. ಮೇಡಂ ತಾನಾಗಿಯೇ ನುಂಗಿ, ಇನ್ನೊಂದಕ್ಕೆ ಬಾಯಿ ತೆರೆದಳು.

ಅಮ್ಮ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. "ಬೇಡ ಅಂತ ನನಗೆ ಯಾಕೆ ತಿಳಿಸ್ಲಿಲ್ಲ ಇವಳು?"

"ನೀನು ಯಾವತ್ತಾದ್ರೂ ಕೇಳಿದ್ಯಾ?" ಅಂದೆ ನಾನು. ಅಮ್ಮನ ಕಣ್ಣು ತುಂಬಿತು. ಆ ಮಾತನ್ನು ನುಂಗಿಕೊಳ್ಳಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಕಂಡಕ್ಟರು ತಿರುಗಿ ನೋಡದೆ, "ಟಿಕೆಟ್ ಇಲ್ಲದವರು ಇಳೀರಿ," ಎಂದರು.

ಆ ವಾರವೆಲ್ಲ ನಾನು ಮೇಡಂಳನ್ನು ಕೇಳಿ ಕೇಳಿಯೇ ತಿನ್ನಿಸಲು ಕಲಿತೆ. ಅಮ್ಮ ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಕಂಡಕ್ಟರು ಸೀಟಿ ಹಿಡಿದು ಬಾಗಿಲಲ್ಲಿ ನಿಂತರು. ಈ ಸಲ ಒಪ್ಪಿಸಿಕೊಳ್ಳುವವಳು ನಾನು. ಅಮ್ಮ ಏನು ಹೇಳುತ್ತಾಳೋ ಎಂದು ಕಾದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೇಡಂಳ ಮುಂದೆ ಬಗ್ಗಿ ಅಂದಳು, "ಅಕ್ಕನ್ನ ನೋಡ್ಕೋ, ಸಿಟ್ಟು ಬಂದ್ರೆ ಊಟ ಬಿಡ್ತಾಳೆ."

ಕಂಡಕ್ಟರು ಸೀಟಿ ಊದಿದರು. ಮೇಡಂ ಕಣ್ಣನ್ನು ಸೂರಿಗೆ ಎತ್ತಿದಳು.

ನಾಲ್ಕನೇ ದಿನ ಆಸ್ಪತ್ರೆಯವರು ನನ್ನನ್ನು ಒಳಗೆ ಬಿಡಲಿಲ್ಲ. ಸಿಟ್ಟಿನಿಂದ ಮನೆಗೆ ಬಂದು, ನನ್ನ ತಟ್ಟೆಯನ್ನು ದೂರ ತಳ್ಳಿ ಮೇಡಂಗೆ ಚಮಚ ಎತ್ತಿದೆ. ಬಾಯಿ ತೆರೆಯಲಿಲ್ಲ. ಬಿಸಿಯಿದೆಯಾ? ಇಲ್ಲ. ಹೊಟ್ಟೆನೋವಾ? ಅಲ್ಲ. ಕೊನೆಗೆ ಅವಳು ಎಲ್ಲಿ ನೋಡುತ್ತಿದ್ದಾಳೆ ಅಂತ ನೋಡಿದೆ. ನನ್ನ ತಟ್ಟೆಯನ್ನು ನೋಡುತ್ತಿದ್ದಳು. ನಾನು ಒಂದು ತುತ್ತು ತಿಂದ ಮೇಲೆ ಬಾಯಿ ತೆರೆದಳು. ಅಳುತ್ತಲೇ ಇಬ್ಬರದೂ ಊಟ ಮುಗಿಸಿದೆ.

ಅಮ್ಮ ಗುಣವಾಗಿ ಬಂದು ಇನ್ನೂ ಹದಿನೆಂಟು ವರ್ಷ ಹೊಲಿದಳು. ಈಗ ಅವಳಿಲ್ಲ. ಕಂಡಕ್ಟರ ಸೀಟಿ ಮೇಡಂಳ ಕುರ್ಚಿಯ ಹಿಡಿಯಲ್ಲಿ ತೂಗುತ್ತಿದೆ. ಮೊನ್ನೆ ಯಾರ ಮೇಲೋ ರೇಗಿ ಬಂದು ನನಗೆ ಊಟ ಬೇಡ ಅಂದೆ. ಮೇಡಂ ತುಟಿ ಬಿಗಿದಳು. ನಾನು ಎದ್ದು ನನ್ನ ತಟ್ಟೆ ತಂದುಕೊಂಡೆ.