ಮೂರು ಗೀರು

ಬೆಂಚನ್ನು ತಲೆಕೆಳಗು ಮಾಡಿದಾಗ ಮೊದಲು ಕಂಡದ್ದು ಒಣಗಿದ ಚೂಯಿಂಗ್ ಗಮ್ಮು, ಆಮೇಲೆ ಮುದ್ರೆ. ಕಾದ ಕಬ್ಬಿಣದಿಂದ ಒತ್ತಿದ, ಅಂಗೈ ಅಗಲದ ಕಪ್ಪು ಮುದ್ರೆ: 'ಕೇಂದ್ರ ಕಾರಾಗೃಹ, ಮರಗೆಲಸ ವಿಭಾಗ.' ಅದರ ಪಕ್ಕದಲ್ಲಿ, ಹಲಗೆಯ ಅಂಚಿಗೆ, ಉಳಿಯ ತುದಿಯಿಂದ ಹಾಕಿದ ಮೂರು ಗೀರು. ಎರಡು ನೇರ, ಮೂರನೆಯದು ಓರೆ.

ಮೊಣಕಾಲೂರಿ ಕೂತಿದ್ದ ಬಡಗಿ ಹಾಗೇ ಉಳಿದ. ಓರೆ ಗೀರಿನ ಆ ಗುರುತು ಅವನದು.

"ಇದೇ ನೋಡಿ ನಮ್ಮ ಕರ್ಮ," ಎಂದರು ಹೆಡ್ ಮೇಡಂ, ಅವನ ತಲೆಯ ಮೇಲಿನಿಂದ. "ಎರಡು ವರ್ಷದ ಹಿಂದೆ ಯಾರೋ ದಾನಿಗಳು ಕೊಟ್ರು. ದಾನ ಬಂದ ಆಕಳ ಹಲ್ಲು ಎಣಿಸಬಾರದು ಅಂತ ನಾನೂ ತೆಪ್ಪಗಿದ್ದೆ. ಹೋದ ವಾರ ಯಾವನೋ ಹುಡುಗ ಪೆನ್ನು ಬಿತ್ತು ಅಂತ ಬಗ್ಗಿ ಇದನ್ನ ಓದಿದ್ದಾನೆ. ಪಾಠ ಓದು ಅಂದ್ರೆ ಓದಲ್ಲ, ಇದನ್ನ ಓದಿದ್ದಾನೆ. ಮಾರನೇ ದಿನ ಅಪ್ಪ-ಅಮ್ಮಂದಿರ ದಂಡೇ ಬಂತು. ಜೈಲಿನೋರು ಮಾಡಿದ್ದರ ಮೇಲೆ ನಮ್ಮ ಮಕ್ಕಳು ಕೂರ್ಬೇಕಾ ಅಂತ."

"ಏನು ಮಾಡ್ಬೇಕು ಮೇಡಂ?"

"ಅಲ್ಲಾಡೋದನ್ನ ಬಿಗಿ ಮಾಡಿ. ಈ ಮುದ್ರೆ ಕೆರೆದು ಹಾಕಿ. ನಲವತ್ತೆರಡು ಬೆಂಚು. ಒಂದರಲ್ಲೂ ಒಂದಕ್ಷರ ಉಳೀಬಾರದು."

ಅವರ ಚಪ್ಪಲಿಯ ಸದ್ದು ವರಾಂಡದ ಕೊನೆ ಮುಟ್ಟುವವರೆಗೂ ಬಡಗಿ ಕೀಸುಳಿಯನ್ನು ಚೀಲದಿಂದ ತೆಗೆಯಲಿಲ್ಲ.

ಬೆಂಚುಗಳನ್ನು ಹೊತ್ತು ತರುತ್ತಿದ್ದ ಶಾಲೆಯ ಜವಾನ ಮಾತಿನ ಮನುಷ್ಯ. "ಹುಡುಗರು ಇದಕ್ಕೆ ಕೈದಿ ಬೆಂಚು ಅಂತಾರೆ," ಎಂದ. "ಪಾಠ ಮುಗಿಯೋ ಮುಂಚೆ ಯಾರಾದ್ರೂ ಎದ್ರೆ, ಕೂತ್ಕೊಳ್ಳೋ, ನಿನಗಿನ್ನೂ ಜಾಮೀನು ಸಿಕ್ಕಿಲ್ಲ ಅಂತ ಹಿಂದಿನೋರು ಅಂಗಿ ಎಳೀತಾರೆ." ತನ್ನ ಮಾತಿಗೆ ತಾನೇ ನಕ್ಕ. ಬಡಗಿ ನಗದೇ ಇದ್ದುದನ್ನು ನೋಡಿ, ಇವನ್ಯಾರೋ ಸಿಡುಕ ಎಂದುಕೊಂಡು ಮುಂದಿನ ಬೆಂಚಿಗೆ ಹೋದ.

ಅವನನ್ನು ಇಲ್ಲಿಗೆ ಕಳಿಸಿದ್ದು ಪೀಠೋಪಕರಣದ ಅಂಗಡಿಯ ಮೇಸ್ತ್ರಿ. ಬಿಡುಗಡೆಯಾದ ನಾಲ್ಕು ತಿಂಗಳಲ್ಲಿ ಕೆಲಸ ಕೇಳಿದ ಏಳು ಕಡೆಗಳಲ್ಲಿ, ನಿಜ ಹೇಳಿದ ಮೇಲೂ ಎದ್ದು ಹೋಗು ಅನ್ನದೇ ಇದ್ದವನು ಅವನೊಬ್ಬನೇ. "ಎಲ್ಲಿ ಕಲಿತೆ?" ಎಂದು ಕೇಳಿದ್ದ. "ಒಳಗೆ." "ಹಾಗಾದ್ರೆ ಚೆನ್ನಾಗೇ ಕಲ್ತಿರ್ತೀಯ ಬಿಡು. ಮಧ್ಯದಲ್ಲಿ ಕೆಲಸ ಬಿಟ್ಟು ಓಡಿಹೋಗೋ ಹಾಗಿರಲಿಲ್ಲವಲ್ಲ." ಇವತ್ತು ಬೆಳಿಗ್ಗೆ ಚೀಲ ಕೊಡುವಾಗ ಮಾತ್ರ ಬೆರಳೆತ್ತಿ ಹೇಳಿದ್ದ: "ಶಾಲೆ ಕೆಲಸ. ಹೋದೆ, ಮಾಡಿದೆ, ಬಂದೆ. ಬಾಯಿ ಬಿಡಬೇಡ."

ಅದು ಮಗಳ ಶಾಲೆ ಎಂದು ಅವನಿಗೆ ಗೊತ್ತಿತ್ತು. ಹೆಂಡತಿಗೆ ಹೇಳಿದಾಗ ಅವಳ ಕೈಯ ಲೋಟ ಒಲೆಯ ಕಟ್ಟೆಯ ಮೇಲೆ ಜೋರಾಗಿ ಕೂತಿತು. "ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳ್ರೀ." ಯಾಕೆ ಎಂದು ಕೇಳಿದರೆ ಲೋಟ ತೊಳೆಯಲು ಹೋದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಆರು ವರ್ಷ ಹಾಸಿಗೆಬಟ್ಟೆ ಇಸ್ತ್ರಿ ಮಾಡಿದವಳು ಅವಳು. ಮಾತನ್ನೂ ಮಡಿಚಿ ಒಳಗಿಡುವುದು ಅಭ್ಯಾಸವಾಗಿತ್ತು. ಆ ಮನೆಯಲ್ಲಿ 'ಒಳಗೆ' ಎಂಬ ಪದವೇ ಸತ್ತುಹೋಗಿತ್ತು. ಬಾಗಿಲಲ್ಲಿ ನಿಂತವನಿಗೆ 'ಬನ್ನಿ' ಎನ್ನುವರು, 'ಒಳಗೆ ಬನ್ನಿ' ಎನ್ನರು. 'ಟವೆಲ್ ಬೀರುವಲ್ಲಿದೆ' ಎನ್ನುವರು, 'ಒಳಗಿದೆ' ಎನ್ನರು. ಒಮ್ಮೆ ಪಕ್ಕದ ಮನೆಯಾಕೆ ಕಿಟಕಿಯಿಂದ, "ಯಜಮಾನರು ಇಲ್ವಾ?" ಎಂದಾಗ ಮಗಳು "ಒಳ..." ಎಂದವಳು ನಾಲಿಗೆ ಕಚ್ಚಿಕೊಂಡು, "ಸ್ನಾನಕ್ಕೆ ಹೋಗಿದ್ದಾರೆ" ಎಂದಿದ್ದಳು. ಅವನು ಒಳಕೋಣೆಯಲ್ಲಿ ಒಣ ಮೈಯಲ್ಲಿ ಕೂತು ಅದನ್ನು ಕೇಳಿಸಿಕೊಂಡಿದ್ದ.

ಒಂದೇ ಏಟು. ಮುದ್ರಣಾಲಯದಲ್ಲಿ ಮೇಲ್ವಿಚಾರಕ ಎಲ್ಲರ ಮುಂದೆ ಅವನ ತಾಯಿಯ ಹೆಸರು ಹಿಡಿದು ಬೈದಾಗ, ಕೈಯಲ್ಲಿದ್ದ ಯಂತ್ರದ ಹಿಡಿಕೆಯಿಂದ ಒಂದೇ ಏಟು. ಮೇಲ್ವಿಚಾರಕ ಮೂರನೆಯ ದಿನ ಸತ್ತ. ಆ 'ಒಂದೇ' ಎಂಬುದನ್ನು ವಕೀಲರು ಕೋರ್ಟಿನಲ್ಲಿ ಅಷ್ಟು ಸಲ ಹೇಳಿದ್ದರು, ಕೊನೆಗೆ ಅದಕ್ಕೆ ಅರ್ಥವೇ ಉಳಿಯಲಿಲ್ಲ. ಆರು ವರ್ಷ ಉಳಿಯಿತು.

ಅವನು ಕೀಸುಳಿ ಎತ್ತಿಕೊಂಡ. ಸುಟ್ಟು ಒತ್ತಿದ ಮುದ್ರೆ ಮೇಲೆ ಮೇಲೆ ಉಜ್ಜಿದರೆ ಹೋಗುವುದಿಲ್ಲ. ಅಕ್ಷರ ಮರದ ಮೈಯೊಳಗೆ ಇಳಿದಿರುತ್ತದೆ. ಹಲ್ಲು ಕಚ್ಚಿ ಎಳೆದ. ಮೊದಲ ಸುರುಳಿಯಲ್ಲಿ 'ಕಾರಾ' ಬಂತು, ಎರಡನೆಯದರಲ್ಲಿ 'ಗೃಹ'. ಮೂರು ಗೀರು ಕೊನೆಗೆ ಹೋದವು.

ಒಳಗೆ ಮರದ ಸಾಮಾನಿನ ಮೇಲೆ ಹೆಸರು ಬರೆಯುವ ಹಾಗಿರಲಿಲ್ಲ. ಕೆಟ್ಟ ಕೆಲಸ ಯಾರದೆಂದು ಗೊತ್ತಾಗಲಿ ಎಂದು ಪ್ರತಿಯೊಬ್ಬನೂ ಒಂದು ಗುರುತು ಹಾಕಬೇಕಿತ್ತು, ಅಷ್ಟೇ. ಬೈಗುಳಕ್ಕೆಂದು ಹಾಕಿದ ಗುರುತು ಅವನಿಗೆ ಬರಬರುತ್ತಾ ಸಹಿಯಾಯಿತು. ಎರಡನೆಯ ವರ್ಷ ಭೇಟಿಗೆ ಬಂದ ಮಗಳಿಗೆ ಒಂದು ಪೆನ್ಸಿಲ್ ಡಬ್ಬಿ ಮಾಡಿಕೊಟ್ಟಿದ್ದ. ಅವಳು ತಿರುಗಿಸಿ ನೋಡಿ, "ಇದೇನಪ್ಪ ಗೀರು?" ಎಂದಿದ್ದಳು. "ನನ್ನ ಸಹಿ." ಅದಾದ ಮೇಲೆ ಅವಳು ಭೇಟಿಗೆ ಬರಲಿಲ್ಲ. ಮನೆಗೆ ಬಂದ ಮೇಲೆ ಆ ಡಬ್ಬಿ ಎಲ್ಲೂ ಕಾಣಲಿಲ್ಲ. ಅವನು ಕೇಳಲಿಲ್ಲ.

ಬೆಂಚುಗಳು ಅಲ್ಲಾಡುವುದಕ್ಕೂ ಅವನಿಗೆ ಕಾರಣ ಗೊತ್ತಿತ್ತು. ಆ ಸಲ ಬಂದ ಮರ ಹಸಿ. ಉಳಿ ಇಟ್ಟರೆ ನೀರು ಜಿನುಗುತ್ತಿತ್ತು. ಆರು ತಿಂಗಳು ಒಣಗಿಸಬೇಕು ಎಂದು ಇವನೇ ಮುಂದೆ ನಿಂತು ಹೇಳಿದ್ದ. ನಿನಗೇನು ಅವಸರ ಇಲ್ಲ, ನಮಗಿದೆ ಎಂದಿದ್ದರು ಅಧಿಕಾರಿಗಳು. ಹಸಿ ಮರ ಕೀಲಿನಲ್ಲಿ ಕೂರುವಾಗ ಚೆನ್ನಾಗೇ ಕೂರುತ್ತದೆ. ಒಣಗುತ್ತಾ ಕುಗ್ಗುತ್ತದೆ, ಸಂದು ಬಿಡುತ್ತದೆ.

ಊಟದ ಗಂಟೆ ಹೊಡೆಯಿತು. ಡಬ್ಬಿ ಹಿಡಿದ ಮೂವರು ಹುಡುಗಿಯರು ವರಾಂಡಕ್ಕೆ ಬಂದರು. ನಡುವಿನವಳು ಮಗಳು. ಅವನನ್ನು ಕಂಡಳು. ಹೆಜ್ಜೆ ತಪ್ಪಲಿಲ್ಲ, ಮುಖ ಬದಲಾಗಲಿಲ್ಲ.

"ಅಂಕಲ್, ಇದರ ಮೇಲೆ ಕೂರಬಹುದಾ?" ಎಂದು ಕೇಳಿದ್ದು ಅವಳೇ.

ಅಂಕಲ್. ಅವನು ಬೆಂಚಿನ ಮೇಲಿನ ಹೊಟ್ಟನ್ನು ಒರೆಸಿದ.

"ಕೂತ್ಕೊಳ್ಳಿ."

"ಇದನ್ನ ಜೈಲಲ್ಲಿ ಮಾಡಿದ್ದಂತೆ, ಗೊತ್ತಾ ಅಂಕಲ್?" ಎಂದಳು ಎರಡು ಜಡೆಯ ಹುಡುಗಿ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಕೊಲೆ ಮಾಡಿದೋರು ಮಾಡಿದ್ದು. ನಮ್ಮಪ್ಪ ಅಂದ್ರು, ಅಂಥೋರ ಕೈ ತಾಗಿದ್ದನ್ನ ಮುಟ್ಟಬಾರದು ಅಂತ."

"ಮುಟ್ಟದೇ ಇರೋಕೆ ನಿಂತ್ಕೊಂಡೇ ಪರೀಕ್ಷೆ ಬರೀತೀಯೇನೇ?" ಎಂದಳು ಮೂರನೆಯವಳು.

ಬಡಗಿ ಮಗಳ ಕಡೆ ತಿರುಗಿದ. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಕೇಳದೆಯೂ ಇರಬಹುದಿತ್ತು.

"ನಿಮ್ಮಪ್ಪ ಏನಮ್ಮ ಮಾಡ್ತಾರೆ?"

ಎರಡು ಜಡೆಯವಳು ತುತ್ತು ನುಂಗಿ ಮುಂದೆ ಬಾಗಿದಳು. "ಅಂಕಲ್, ಅವಳಿಗೆ ಅಪ್ಪ ಇಲ್ಲ," ಎಂದು ಪಿಸುಗುಟ್ಟಿದಳು.

"ಇಲ್ಲ ಅಂದ್ರೆ?"

"ಸತ್ತುಹೋದ್ರು," ಎಂದಳು ಮಗಳು. ನೆಟ್ಟಗೆ ಅವನ ಕಣ್ಣನ್ನೇ ನೋಡಿ ಹೇಳಿದಳು.

"ಯಾವಾಗ?"

"ನಾನು ಮೂರನೇ ಕ್ಲಾಸಲ್ಲಿದ್ದಾಗ."

"ಏನಾಗಿತ್ತು?"

"ಕೋಪ."

"ಕೋಪನಾ?" ಮೂರನೆಯವಳು ತುತ್ತೆತ್ತಿದ ಕೈ ತಡೆದಳು. "ಹಾರ್ಟ್ ಅಟ್ಯಾಕ್ ಅಂದಿದ್ದೆ?"

"ಅದೇ. ಕೋಪ ಮಾಡ್ಕೊಂಡ್ರು, ಹೋದ್ರು. ಒಂದೇ ಸಲಕ್ಕೆ." ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ನಡೀರೇ, ಇಲ್ಲಿ ಧೂಳು."

ಮಧ್ಯಾಹ್ನದ ಮೇಲೆ ಹೆಡ್ ಮೇಡಂ ಇನ್ನೊಮ್ಮೆ ಬಂದಾಗ ಅವನು ಹದಿನೆಂಟನೆಯ ಬೆಂಚಿನ ಕಾಲಿಗೆ ಬೆಣೆ ಬಡಿಯುತ್ತಿದ್ದ. ಅಗತ್ಯಕ್ಕಿಂತ ಜೋರಾಗಿ ಬಡಿಯುತ್ತಿದ್ದ.

"ಎಷ್ಟು ಸಡಿಲ ನೋಡಿ," ಎಂದರು ಮೇಡಂ. "ಮನಸ್ಸಿಟ್ಟು ಮಾಡಿದ ಕೆಲಸ ಆದ್ರೆ ತಾನೇ? ಅಲ್ಲಿರೋರಿಗೆ ದಿನ ಕಳೆದ್ರೆ ಸಾಕು."

"ಕೆಲಸದ ತಪ್ಪಲ್ಲ ಮೇಡಂ. ಹಸಿ ಮರ."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕೇ ಇತ್ತು." ಅವನು ಎದ್ದು ನಿಂತ. "ಹಸಿ ಅಂತ ಮಾಡಿದೋರು ಹೇಳಿದ್ರು. ಬಾಯಿ ನೋಯೋವಷ್ಟು ಹೇಳಿದ್ರು. ಯಾರೂ ಕೇಳಲಿಲ್ಲ."

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಅವರು ಹೇಳಿದ್ದು ನಿಮಗೆ ಹೇಗೆ ಗೊತ್ತು?"

ಕೊಡತಿ ಕೈಯಲ್ಲೇ ಇತ್ತು. ಮೇಡಂ ಹಿಂದಿನ ಕಿಟಕಿಯಲ್ಲಿ ಒಂಬತ್ತನೇ ತರಗತಿ ಒಟ್ಟಿಗೆ ಪದ್ಯ ಒಪ್ಪಿಸುತ್ತಿತ್ತು. ಎರಡನೇ ಸಾಲಿನಲ್ಲಿ ಒಂದು ಬಾಯಿ ಮಾತ್ರ ಆಡುತ್ತಿರಲಿಲ್ಲ. ಮಗಳು ಈ ಕಡೆಗೇ ನೋಡುತ್ತಿದ್ದಳು. ಒಂದು ವಾಕ್ಯ ಸಾಕಿತ್ತು. ಅವನು ಕೊಡತಿಯನ್ನು ನೆಲದ ಮೇಲಿಟ್ಟ.

"ಹೇಳಿರ್ತಾರೆ ಮೇಡಂ. ಬಡಗಿ ಅಂದ ಮೇಲೆ ಹೇಳಿರ್ತಾನೆ."

ಸಂಜೆ ಮನೆಯಲ್ಲಿ ಚಪ್ಪಲಿ ಕಳಚುವುದಕ್ಕೂ ಮುಂಚೆ ಹೆಂಡತಿಯನ್ನು ಕೇಳಿದ. "ನನ್ನನ್ನ ಸುಟ್ರಾ, ಹೂತ್ರಾ?"

ಅವಳು ಮಗಳನ್ನು ನೋಡಿದಳು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಕೇಳ್ತಾ ಇದೀನಿ. ಹೆಣ ಎತ್ತೋಕೆ ನಾಲ್ಕು ಜನ ಆದ್ರೂ ಬಂದಿದ್ರಾ?"

"ಫಾರಮ್ಮಲ್ಲಿ ತಂದೆಯ ಉದ್ಯೋಗ ಅಂತ ಒಂದು ಗೆರೆ ಇರುತ್ತೆ," ಎಂದಳು ಹೆಂಡತಿ ಮೆಲ್ಲಗೆ. "ಏನು ಬರೀಲಿ?"

"ನಿಜ ಬರೀಬೇಕಿತ್ತು."

"ಬರೆದಿದ್ದೆ!" ಅವಳ ದನಿ ಒಮ್ಮೆಗೇ ಏರಿತು. "ಹಿಂದಿನ ಶಾಲೇಲಿ ನಿಜಾನೇ ಬರೆದಿದ್ದೆ. ಒಂದು ವರ್ಷ ಪೂರ್ತಿ ಇವಳ ಪಕ್ಕ ಒಂದು ಮಗು ಕೂರಲಿಲ್ಲ. ಊಟದ ಡಬ್ಬಿ ಹಾಗೇ ವಾಪಸ್ ತರ್ತಿದ್ಲು. ನಿಮಗೆ ಗೊತ್ತಿತ್ತಾ? ಹೇಗೆ ಗೊತ್ತಿರುತ್ತೆ? ನೀವು ಒಳಗಿದ್ರಿ! ಒಳಗೆ ಕೂತೋರಿಗೆ ಹೊರಗಿಂದು ಏನ್ರೀ ಗೊತ್ತಾಗುತ್ತೆ?"

ಪದ ಬಂದುಬಿಟ್ಟಿತ್ತು. ಮೂವರೂ ಅದನ್ನು ಕೇಳಿಸಿಕೊಂಡರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಳ್ಳಲಿಲ್ಲ, ಅಳಲೂ ಇಲ್ಲ. ಒಲೆಯ ಮೇಲಿನದನ್ನು ಇಳಿಸಿ ಬೇರೊಂದನ್ನು ಇಟ್ಟಳು.

"ಎಲ್ಲರ ಮುಂದೆ ಯಾಕೆ ಕೇಳ್ದೆ?" ಎಂದಳು ಮಗಳು, ಪುಸ್ತಕಕ್ಕೇ.

"ನೀನ್ಯಾಕೆ ಹಾಗಂದೆ?"

"ಇದ್ದಾರೆ ಅಂದ್ರೆ ಎಲ್ಲಿದ್ದಾರೆ ಅಂತಾರೆ. ಸತ್ತೋರನ್ನ ಯಾರೂ ಎಲ್ಲಿದ್ದಾರೆ ಅನ್ನಲ್ಲ."

ಅವನು ಕಾಲಡಿಯಲ್ಲಿದ್ದ ಸ್ಟೂಲನ್ನು ಒದ್ದ. ಅದು ಗೋಡೆಗೆ ಬಡಿದು ಉರುಳಿತು. ತಾಯಿ ಮಗಳು ಇಬ್ಬರೂ ಬೆಚ್ಚಲಿಲ್ಲ. ಕಾಯುತ್ತಿದ್ದವರ ಹಾಗೆ ಅವನನ್ನು ನೋಡಿದರು. ಅವನೇ ಹೋಗಿ ಸ್ಟೂಲನ್ನು ಎತ್ತಿ ನಿಲ್ಲಿಸಿದ.

ಊಟವಾದ ಮೇಲೆ ಮತ್ತೆ ಪುಸ್ತಕ ಹಿಡಿದು ಮಗಳು ಕೇಳಿದಳು. "ನಾಳೆ ನಮ್ಮ ಕ್ಲಾಸಿಂದಾ?"

"ಹೂಂ."

"ಎರಡನೇ ಸಾಲು, ಕಿಟಕಿ ಪಕ್ಕದ್ದು. ಎಡಗಾಲು ಅಲ್ಲಾಡುತ್ತೆ."

"ಎಲ್ಲಾನೂ ಅಲ್ಲಾಡ್ತವೆ."

"ಅದು ಜಾಸ್ತಿ," ಎಂದು ಪುಟ ತಿರುವಿದಳು.

ಮರುದಿನ ಬೆಳಿಗ್ಗೆ ಒಂಬತ್ತನೇ ತರಗತಿಯ ಮಕ್ಕಳು ಮೈದಾನದಲ್ಲಿದ್ದರು. ಅವನು ಮೊದಲ ಸಾಲನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋದ.

"ಅದಕ್ಕೆ ಸ್ವಲ್ಪ ಹುಷಾರು," ಎಂದ ಜವಾನ ಬಾಗಿಲಿಂದ. "ಅದು ಎಂಟನೇ ಕ್ಲಾಸಿನ ಬೆಂಚು. ಕ್ಲಾಸು ಬದಲಾದಾಗ ಒಬ್ಬಳು ಹುಡುಗಿ ಹಠ ಹಿಡಿದು ಇಲ್ಲಿಗೆ ಎಳ್ಕೊಂಡು ಬಂದ್ಲು. ನನ್ನ ಸೊಂಟ ಹಿಡೀತು, ಆದ್ರೂ ಬಿಡಲಿಲ್ಲ. ಎಲ್ಲ ಬಿಟ್ಟು ಈ ಕುಂಟ ಬೆಂಚೇ ಬೇಕಂತೆ." ಅವನು ತಲೆ ಕೊಡವಿ ನೀರು ತರಲು ಹೋದ.

ಬಡಗಿ ಬೆಂಚನ್ನು ಮಗುಚಿದ. ಮುದ್ರೆ ಇರಬೇಕಾದ ಜಾಗದಲ್ಲಿ ಮುದ್ರೆ ಇರಲಿಲ್ಲ. ಕೈವಾರದ ಮೊನೆಯಿಂದ ಅಡ್ಡಡ್ಡ, ಉದ್ದುದ್ದ ಕೆರೆದು, ಅಗೆದು, ಒಂದಕ್ಷರವೂ ಉಳಿಯದಂತೆ ಮರ ನಾರುನಾರಾಗಿತ್ತು. ಒಂದು ದಿನದ ಕೆಲಸವಲ್ಲ. ಕೀಸುಳಿಗೆ ಅಲ್ಲಿ ಏನೂ ಉಳಿದಿರಲಿಲ್ಲ.

ಅದರ ಪಕ್ಕ, ಕೂತವರ ಬೆರಳು ಕೆಳಗಿನಿಂದ ಸಿಗುವ ಅಂಚಿನಲ್ಲಿ, ಮೂರು ಗೀರು ಹಾಗೇ ಇದ್ದವು. ಅವನು ಹೆಬ್ಬೆರಳು ಇಟ್ಟು ನೋಡಿದ. ಉಳಿ ಬಿಟ್ಟ ಚೂಪು ಎಲ್ಲೂ ತಾಗಲಿಲ್ಲ. ಗೀರುಗಳ ಅಂಚು ಸವೆದು ದುಂಡಗಾಗಿತ್ತು. ಓರೆಯದು ಎಲ್ಲಕ್ಕಿಂತ ಹೆಚ್ಚು, ಬೆವರು ಕುಡಿದು ಕಪ್ಪಾಗಿ, ಬಾಗಿಲ ಹಿಡಿಯಂತೆ ನುಣ್ಣಗೆ.

ಅವನು ಎಡಗಾಲಿನ ಸಂದಿಗೆ ಬೆಣೆ ಇಟ್ಟು ಕೊಡತಿ ಎತ್ತಿದ. ಮೈದಾನದಿಂದ ಮಕ್ಕಳು ಬರುವ ಗಂಟೆ ಹೊಡೆಯಿತು. ಅವನು ಬಡಿಯುತ್ತಲೇ ಇದ್ದ, ಬೆಣೆ ಬಿಗಿಯಾದ ಮೇಲೂ.