ಗೋಡೆ ಪಂಪಿನ ಆಯಿಲ್

ಮೇಜಿನ ಮೇಲೆ ಸುಟ್ಟು ಕರಿಯಾದ ಬೇರಿಂಗು, ಪಕ್ಕದಲ್ಲಿ ಒಂದು ಕಾಗದ. ಕಾಗದದಲ್ಲಿ ಒಂದೇ ಸಾಲು: ಜೋಡಣೆಯಲ್ಲಿ ತಪ್ಪಾಗಿದೆ. ಕೆಳಗೆ ಸೂಜಿ ಸಹಿ ಹಾಕಬೇಕಿತ್ತು.

ಸೂಜಿ ಅನ್ನುವುದು ಅಡ್ಡಹೆಸರು. ಬೆರಳೂ ಸಪೂರ, ಮಾತೂ ಚೂಪು. ರೇಸ್ ಎಂಜಿನ್ನಿನ ಟರ್ಬೊ ಜೋಡಿಸುವುದು ಅವಳ ಕೆಲಸ. ಈ ಟರ್ಬೊ ಬರೀ ಗಾಳಿ ತುಂಬುವ ಚಕ್ರವಲ್ಲ, ಅದರ ನಡುವೆ ತಿರುಗುವ ದಂಡದಲ್ಲೇ, ಅಂದರೆ ಶಾಫ್ಟಿನಲ್ಲೇ, ಒಂದು ಪುಟ್ಟ ಮೋಟಾರೂ ಕೂತಿದೆ. ಡ್ರೈವರ್ ಪೆಡಲಿನಿಂದ ಕಾಲೆತ್ತಿದರೂ ಮೋಟಾರು ಆ ಶಾಫ್ಟನ್ನು ನಿಮಿಷಕ್ಕೆ ಲಕ್ಷ ಸುತ್ತು ತಿರುಗಿಸುತ್ತಲೇ ಇರುತ್ತದೆ. ಮತ್ತೆ ಕಾಲಿಟ್ಟ ಕ್ಷಣ ಶಕ್ತಿ ತಯಾರು. ಟೆಸ್ಟ್ ರೂಮಿನಲ್ಲಿ ನಲವತ್ತು ಗಂಟೆ ಓಡಿದ ಟರ್ಬೊ ಟ್ರ್ಯಾಕಿನಲ್ಲಿ ಹನ್ನೊಂದನೇ ಸುತ್ತಿಗೆ ಸುಟ್ಟುಹೋಯಿತು. ಒಂದಲ್ಲ, ಮೂರು ಟರ್ಬೊ.

"ಮೂರನ್ನೂ ಜೋಡಿಸಿದ್ದು ನೀನೇ ತಾನೇ?" ಎಂದರು ಟೀಮಿನ ಚೀಫ್.

"ನಲವತ್ತು ಗಂಟೆ ಓಡಿದ್ದನ್ನ ಮತ್ಯಾರು ಜೋಡಿಸಿದ್ದು ಸಾರ್, ದೇವರಾ? ತಪ್ಪು ಡಿಸೈನಲ್ಲಿರಬಹುದು, ಟೆಸ್ಟಲ್ಲಿರಬಹುದು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ಅವಳ ಸಿಟ್ಟು ನೆತ್ತಿಗೇರಿತು. ಪಕ್ಕದಲ್ಲಿ ಟೆಸ್ಟ್ ರೂಮಿನ ಮುಖ್ಯಸ್ಥರು ತಲೆ ತಗ್ಗಿಸಿ ಕೂತಿದ್ದರು. ಅವಳ ಸೋದರಮಾವ. ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಅವರು.

"ಹಾಕ್ಬಿಡಮ್ಮ," ಎಂದರು ಮಾವ. "ಜೋಡಣೆ ತಪ್ಪು ಅಂದ್ರೆ ರೇಸಿನವರು ಎಂಜಿನ್ನಿಗೆ ಹಾಕಿದ ಸೀಲ್ ಒಡೆದು ಬೇರೆ ಟರ್ಬೊ ಹಾಕೋಕೆ ಬಿಡ್ತಾರೆ. ಡಿಸೈನ್ ತಪ್ಪು ಅಂದ್ರೆ ಭಾನುವಾರ ರೇಸೇ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಮುರಿಯೋ ಕೋಲು ನಾನು ತಾನೇ? ಇದಕ್ಕೆ ಸಹಿ ಹಾಕಿದ್ಮೇಲೆ ನನಗೆ ಯಾವ ಊರಲ್ಲಿ ಯಾರು ಎಂಜಿನ್ ಕೊಡ್ತಾರೆ ಮಾವ?"

ಅವಳು ಎದ್ದು ನೇರ ಟೆಸ್ಟ್ ರೂಮಿಗೆ ನಡೆದಳು. ಇಬ್ಬರೂ ಹಿಂದೆಯೇ ಬಂದರು. ಕಬ್ಬಿಣದ ಕಟ್ಟೆಯ ಮೇಲಿದ್ದ ಎಂಜಿನ್ನಿನ ಒಂದೊಂದೇ ಪೈಪನ್ನು ಬೆರಳಿನಿಂದ ಸವರುತ್ತಾ ಹೋದವಳು ಗೋಡೆಯ ಹತ್ತಿರ ನಿಂತಳು. ಟರ್ಬೊಗೆ ಆಯಿಲ್ ಬರುತ್ತಿದ್ದದ್ದು ಎಂಜಿನ್ನಿನ ಪಂಪಿನಿಂದಲ್ಲ, ಗೋಡೆಗೆ ಬಿಗಿದ, ಸದಾ ಒಂದೇ ಸಮ ಓಡುವ ಕರೆಂಟಿನ ಪಂಪಿನಿಂದ.

"ಇದೇನು ಮಾವ?"

"ಅದು ಮೊದಲಿಂದ ಹಾಗೇ ಇದೆ. ಇಪ್ಪತ್ತು ವರ್ಷದಿಂದ ಎಲ್ಲ ಎಂಜಿನ್ನಿಗೂ ಅದೇ ಪಂಪು."

"ಹಳೇ ಎಂಜಿನ್ನಿಗೆ ಸರಿ. ಎಂಜಿನ್ ನಿಧಾನ ಆದ್ರೆ ಟರ್ಬೊನೂ ನಿಧಾನ ಆಗ್ತಿತ್ತು. ಇದು ನಿಧಾನ ಆಗಲ್ಲ, ಮೋಟಾರು ತಿರುಗಿಸ್ತಾನೇ ಇರುತ್ತೆ. ಕಾರಲ್ಲಿ ಗೋಡೆ ಇದ್ಯಾ ಮಾವ?"

ಅವಳು ಗೋಡೆಯ ಪೈಪು ಬಿಚ್ಚಿ, ಎಂಜಿನ್ನಿನ ಪಂಪಿಗೇ ಸೇರಿಸಿ, ಗಾಜಿನ ಹಿಂದೆ ಕೂತು ಓಡಿಸಿದಳು. ವೇಗ ಏರಿಸಿದಳು, ಇಳಿಸಿದಳು. ಎಂಜಿನ್ ಇಳಿದಾಗೆಲ್ಲ ಅದರ ಪಂಪೂ ಇಳಿಯಿತು, ಆಯಿಲಿನ ಒತ್ತಡ ತೋರಿಸುವ ಮುಳ್ಳು ತಳ ಕಂಡಿತು. ಶಾಫ್ಟು ಮಾತ್ರ ಒಣ ಬೇರಿಂಗಿನ ಮೇಲೆ ಲಕ್ಷ ಸುತ್ತು. ಒಂಬತ್ತನೇ ನಿಮಿಷಕ್ಕೆ ಕಿರ್ರೆಂದಿತು. ಆಮೇಲೆ ಹೊಗೆ.

ಚೀಫ್ ಕೈಯಿಂದ ಹೊಗೆ ಸರಿಸಿದರು. "ಸರಿ, ಗೊತ್ತಾಯ್ತಲ್ಲ. ಇದು ಈ ರೂಮಲ್ಲೇ ಇರ್ಲಿ. ಕಾರು ಹತ್ತು ಸುತ್ತಾದರೂ ಓಡುತ್ತೆ, ಟಿವೀಲಾದರೂ ಕಾಣ್ತೀವಿ. ನೀನು ಸಹಿ ಹಾಕು."

"ಹತ್ತು ಸುತ್ತಿಗೆ ನನ್ನ ಹೆಸರು ಸುಡಬೇಕಾ? ಶಾಫ್ಟಿಗೆ ಬೇರೆ ಪಂಪು ಬೇಕು. ಭಾನುವಾರಕ್ಕಾಗಲ್ಲ. ಸಹಿ ಹಾಕಲ್ಲ, ಕೆಲಸದಿಂದ ತೆಗೀತೀರಾ ತೆಗೀರಿ."

"ತೆಗೆಯೋದಾದ್ರೆ ನನ್ನನ್ನ ತೆಗೀರಿ," ಎಂದರು ಮಾವ ಮೆಲ್ಲಗೆ. "ಟೆಸ್ಟ್ ತಪ್ಪಿತ್ತು ಅಂತ ನಾನು ಬರೆದುಕೊಡ್ತೀನಿ. ಎರಡನೇದು ಸುಟ್ಟಾಗಲೇ ನಂಗೆ ಆ ಪೈಪಿನ ಮೇಲೆ ಅನುಮಾನ ಬಂದಿತ್ತು."

ಚೀಫ್ ಬಾಗಿಲು ಬಡಿದು ಹೋದರು. ಸೂಜಿ ಮಾವನ ಕಡೆ ತಿರುಗಿದಳು. ಅಷ್ಟು ಹೊತ್ತಿನ ಸಿಟ್ಟು ಏನೇನೂ ಅಲ್ಲ ಅನ್ನಿಸುವಂಥ ಸಿಟ್ಟು ಈಗ ಎದ್ದಿತು.

"ಎರಡನೇದಕ್ಕೇ ನಿಮಗೆ ಗೊತ್ತಿತ್ತು. ಮೂರನೇದನ್ನ ನಾನು ಊಟ ಬಿಟ್ಟು ಜೋಡಿಸ್ತಾ ಇದ್ದಾಗ ನೀವು ಪಕ್ಕದಲ್ಲೇ ನಿಂತು ನೋಡ್ತಿದ್ರಿ."

"ಇಪ್ಪತ್ತು ವರ್ಷ ನಾನೇ ನಡೆಸಿದ ಟೆಸ್ಟ್, ಕಣಮ್ಮ. ತಪ್ಪು ಅಂತ ಹೇಗೆ ಹೇಳಲಿ..."

"ಬಾಯಲ್ಲಿ," ಎಂದಳು. ಬಿಸಿ ಆರದ ಎಂಜಿನ್ನಿನ ನಟ್ಟು ಬಿಚ್ಚಲು ಬಗ್ಗಿದಳು. ಮಾವ ಪೈಪು ಹಿಡಿದುಕೊಳ್ಳಲು ಕೈ ಚಾಚಿದರು. ಅವಳು ಅವರ ಮುಖವನ್ನೂ ನೋಡದೆ ಆ ಕೈಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು.